ಬರೆದವನು ಬಾಯಿ ಬಿಡಬಾರದು

ಬರೆದದ್ದನ್ನು ಬರೆದ ಹಾಗೆಯೇ ಮಾಡುವ ಜನ ಈ ಭೂಮಿಯ ಮೇಲೆ ಇರುವವರೆಗೆ ಬರೆಯುವವನಿಗೆ ಮಾನ ಉಳಿಯುವುದಿಲ್ಲ. ನನಗೆ ಇದು ಒಂದು ಸಲ ಆಗಿ ಮುಗಿದದ್ದಲ್ಲ. ಮಧುಗಿರಿಯಲ್ಲಿ ಆಯಿತು, ಶಿರಾದಲ್ಲಿ ಆಯಿತು, ಕೊರಟಗೆರೆಯಲ್ಲಿ ಆಯಿತು, ಪಾವಗಡದಲ್ಲಂತೂ ಹಾಲು ಉಕ್ಕಿಸಿಕೊಂಡು ಆಯಿತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆಮೇಲೆ ಓದಿದ್ದೆಲ್ಲ ಸ್ವಂತ ಓದು; ಹಾಗಾಗಿ ಯಾವ ಗುರುವಿನ ಹಂಗೂ ಇರಲಿಲ್ಲ, ಯಾವ ಅಧಿಕಾರಿಯ ಭಯವೂ ಇರಲಿಲ್ಲ. ನಮ್ಮ ಸಂಘದ ಬಾವುಟ ಹಿಡಿದು ಕಚೇರಿಗಳ ಮುಂದೆ ಕೂಗುವುದೇ ನನ್ನ ಉದ್ಯೋಗ. ಒಂದು ದಿನ ದೊಡ್ಡೇರಿ ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಬೆಲೆ ಏರಿಕೆಯ ವಿರುದ್ಧ ಗಂಟಲು ಹರಿದುಕೊಳ್ಳುತ್ತಿದ್ದೆ. ಮುಂದೆ ಕೂತಿದ್ದ ಒಬ್ಬ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಮಾತಿಗೆ ಕಣ್ಣೀರು ಬಂತಲ್ಲ ಅಂತ ಹುರುಪು ಬಂದು ಇನ್ನೂ ಜೋರು ಮಾಡಿದೆ. ಅಜ್ಜಿ ಕೈ ಎತ್ತಿ ನಿಲ್ಲಿಸಿದಳು.

"ಅಳ್ತಾ ಇಲ್ಲ ಕಣಪ್ಪ. ಒಲೆ ಹೊಗೆ, ಕಣ್ಣು ಉರೀತದೆ. ನಿನ್ನ ಕೂಗಿಗೆ ಸರ್ಕಾರ ಹೋಯ್ತದೋ ಇಲ್ವೋ ನಾ ಕಾಣೆ. ಹೊಗೆ ಏನಾರ ಹೋಗಂಗಿದ್ರೆ ನೋಡು."

ಆ ಮಾತು ನಾಟಿತು. ವಿಚಾರಿಸಿದರೆ, ಹೊಗೆ ಇಲ್ಲದ ಒಲೆ ಎಂಬುದೊಂದು ಆಗಲೇ ಇತ್ತು. ಮಣ್ಣಿನಲ್ಲೇ ಕಟ್ಟುವ ಒಲೆ, ಎರಡು ಪಾತ್ರೆ ಕೂರುತ್ತವೆ, ಹೊಗೆ ಒಂದು ಕೊಳವೆಯಲ್ಲಿ ಹಾದು ಸೂರಿನ ಮೇಲೆ ಹೋಗುತ್ತದೆ. ಆದರೆ ಬ್ಲಾಕ್ ಆಫೀಸಿನವರು ಅದನ್ನು ಸಿಮೆಂಟಿನಲ್ಲಿ ಎರಕ ಹೊಯ್ಯಿಸಿ ಒಬ್ಬ ಕಂಟ್ರಾಕ್ಟರನ ಕೈಲಿ ಮನೆಮನೆಗೆ ಇಳಿಸುವ ಏರ್ಪಾಟಿನಲ್ಲಿದ್ದರು. ಮಣ್ಣು ನಮ್ಮದು, ಕೈ ನಮ್ಮದು, ಉರಿಯುವ ಕಣ್ಣೂ ನಮ್ಮದೇ. ನಡುವೆ ಈ ಕಂಟ್ರಾಕ್ಟರ್ ಯಾಕೆ? ಬಾವುಟ ಹಿಡಿದು ಹೋಗಿ ಬಿಡಿಒ ಸಾಹೇಬರ ಮುಂದೆ ಕೂಗಾಡಿದೆ. "ಒಂದು ಪುಸ್ತಕ ಬರೀತೀವಿ. ಓದೋಕೆ ಬರೋ ಯಾರಾದ್ರೂ ಸರಿ, ಅದನ್ನ ನೋಡ್ಕೊಂಡು ತಮ್ಮ ಒಲೆ ತಾವೇ ಕಟ್ಕೋಬೇಕು. ಹಾಗಾಗದೆ ಹೋದ್ರೆ ನಿಮ್ಮ ಆಫೀಸಿನ ಮುಂದೆ ನಾನು ಇನ್ಯಾವತ್ತೂ ಬಾವುಟ ಹಿಡಿಯಲ್ಲ!"

ಸಾಹೇಬರು ಕನ್ನಡಕ ತೆಗೆದು, ಆಸೆಯಿಂದ ನನ್ನನ್ನು ನೋಡಿದರು. "ಯಾವತ್ತೂ?"

"ಯಾವತ್ತೂ."

"ಯುಗಾದಿ ಆದ್ಮೇಲೆ ನೋಡೋಣ. ಅಲ್ಲೀವರೆಗೂ ಕಂಟ್ರಾಕ್ಟರಿಗೆ ಆರ್ಡರು ಕೊಡಲ್ಲ" ಎಂದರು. ಒಂದು ಅರ್ಜಿಗೂ ಅಷ್ಟು ಬೇಗ ಉತ್ತರ ಕೊಟ್ಟ ಮನುಷ್ಯ ಅಲ್ಲ ಅವರು.

ಹೀಗೆ ಹುಟ್ಟಿತು ನಮ್ಮ ಒಲೆ ಪುಸ್ತಕ. ಕೊನೇ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೆವು: ಇದು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಿ, ಯಾರು ಬೇಕಾದರೂ ತಿದ್ದಿ, ತಿದ್ದಿದರೆ ನಮಗೊಂದು ಕಾರ್ಡು ಬರೆಯಿರಿ. ನಾಲ್ಕೂ ತಾಲ್ಲೂಕಿನಿಂದ ಕಾರ್ಡುಗಳು ಬಂದವು, ನಾವು ತಿದ್ದುತ್ತ ಹೋದೆವು. ಬರೆದದ್ದನ್ನಾಗಲಿ ತಿದ್ದಿದ್ದನ್ನಾಗಲಿ ಹಾಗೇ ಅಚ್ಚಿಗೆ ಕೊಡುವಂತಿರಲಿಲ್ಲ. ನಮ್ಮ ಸಂಘದಲ್ಲೊಬ್ಬರು ರಿಟೈರಾದ ಮೇಷ್ಟ್ರಿದ್ದರು. ಅವರೊಂದು ಕಾನೂನು ಮಾಡಿದರು: ಹಾಳೆಯನ್ನು ಮೊದಲು ಅದನ್ನು ಕಾಣದ ಒಬ್ಬರ ಕೈಗೆ ಕೊಡಬೇಕು. ಅವರು ಓದಿಕೊಂಡು ಒಲೆ ಕಟ್ಟಬೇಕು. ಬರೆದವನು ಪಕ್ಕದಲ್ಲಿ ನಿಂತಿರಬೇಕು, ಬಾಯಿ ಬಿಡಬಾರದು.

ಆ ಕಾನೂನು ಇಡೀ ಸಂಘಕ್ಕೆ ಅಂತ ಹೇಳಿದರು. ಮಾಡಿದ್ದು ನನ್ನೊಬ್ಬನಿಗೆ.

೧. ತುಳಿಯಿರಿ

ಮೊದಲ ಪರೀಕ್ಷೆ ಆ ಕಣ್ಣುರಿಯ ಅಜ್ಜಿಯ ಮನೆಯಲ್ಲೇ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಸೊಸೆ ಓದುವುದು, ಅಜ್ಜಿ ಮಾಡುವುದು. ನಾನು ಗೋಡೆಗೆ ಒರಗಿ ನಿಂತೆ. ಮೇಷ್ಟ್ರು ನನ್ನ ಪಕ್ಕದಲ್ಲೇ ಕಾವಲು.

ಸೊಸೆ ಓದಿದಳು: "ಮಣ್ಣಿಗೆ ಹೊಟ್ಟು, ಸಗಣಿ, ನೀರು ಬೆರೆಸಿ ಚೆನ್ನಾಗಿ ತುಳಿಯಿರಿ."

ಅಜ್ಜಿ ಸೀರೆ ಎತ್ತಿ ಕಟ್ಟಿ ತುಳಿಯತೊಡಗಿದಳು. ತುಳಿದಳು, ತುಳಿದಳು. ಮಣ್ಣು ಹದಕ್ಕೆ ಬಂತು. ಅಜ್ಜಿ ನಿಲ್ಲಿಸಲಿಲ್ಲ. ನಾನು ಕೆಮ್ಮಿದೆ. ಮೇಷ್ಟ್ರು ಮೊಣಕೈಯಲ್ಲಿ ತಿವಿದರು. ಅಜ್ಜಿಗೆ ಸುಸ್ತಾಗಿ ಪಕ್ಕದ ಮನೆಯಾಕೆಯನ್ನು ಕರೆದಳು. ಆಕೆ ಇಳಿದು ತುಳಿದಳು. ಆಕೆಗೆ ಸುಸ್ತಾಗಿ ಅವಳ ನಾದಿನಿ ಇಳಿದಳು. ಅಷ್ಟು ಹೊತ್ತಿಗೆ ಬೀದಿಯೆಲ್ಲ ಸೇರಿ ನಗುತ್ತಿತ್ತು. ಸರದಿಯ ಮೇಲೆ ತುಳಿಯುವವರು, ಪದ ಹೇಳುವವರು. ಮೇಯಲು ಹೋದ ಕುರಿ ಹಿಂದಕ್ಕೆ ಬಂದರೂ ತುಳಿತ ಮುಗಿಯಲಿಲ್ಲ.

ನನಗೆ ತಡೆಯಲಿಲ್ಲ. ಕಾನೂನು ಮುರಿದು ಕೂಗಿದೆ: "ಸಾಕು ನಿಲ್ಸಮ್ಮ! ಎಷ್ಟೊತ್ತು ತುಳೀತೀಯ?"

ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ನಿಲ್ಸು ಅಂತ ಎಲ್ಲಿ ಬರ್ದಿದ್ದೀಯಾ? ನೀನೇ ಬರ್ದಿರೋದು ತುಳೀರಿ ಅಂತ. ಪುಸ್ತಕ ನಿಲ್ಸು ಅಂದ್ರೆ ನಿಲ್ಲುಸ್ತೀನಿ. ನೀ ಅಂದ್ರೆ ನಾ ಯಾಕೆ ನಿಲ್ಲುಸ್ಲಿ?"

ಸೊಸೆ ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಇಲ್ಲ ಅತ್ತೆ, ಎಲ್ಲೂ ಬರ್ದಿಲ್ಲ" ಎಂದಳು.

ಮೇಷ್ಟ್ರು ಅಲ್ಲೇ ಕೂತು, 'ರೊಟ್ಟಿ ತಟ್ಟುವ ಹಿಟ್ಟಿನ ಹದಕ್ಕೆ ಬಂದಾಗ ತುಳಿಯುವುದನ್ನು ನಿಲ್ಲಿಸಿರಿ' ಎಂದು ಸೇರಿಸಿದರು. ಅಜ್ಜಿ ಅದನ್ನು ಕೇಳಿ ತಲೆದೂಗಿ, "ಹಂಗೇ ಇನ್ನೊಂದು ಸೇರ್ಸು ಮೇಷ್ಟ್ರೇ, ತುಳ್ದೋರ್ಗೆ ಎಲೆ ಅಡಿಕೆ ಕೊಡ್ಬೇಕು ಅಂತ" ಎಂದಳು. ಬೀದಿಯೆಲ್ಲ ಹೂಂ ಎಂದಿತು. ಮೇಷ್ಟ್ರು ಮೃದು ಮನುಷ್ಯರು. ಸೇರಿಸಿದರು.

೨. ಎಲೆ ಅಡಿಕೆ

ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು ಬಹಳ ಅಚ್ಚುಕಟ್ಟಿನ ಮನುಷ್ಯ. ಬೇಕಾದ ಸಾಮಾನುಗಳೆಲ್ಲ ಒಂದೇ ಕಡೆ ಇದ್ದರೆ ಚೆಂದ ಅಂತ ಅವನಿಗೇ ಅನ್ನಿಸಿದೆ. ಒಲೆಗೆ ಬೇಕಾಗುವ ಸಾಮಾನು ಎಂಬ ತಲೆಬರಹದ ಕೆಳಗೆ ಮಣ್ಣು, ಹೊಟ್ಟು, ಸಗಣಿ, ನೀರು, ಎಲೆ ಅಡಿಕೆ ಎಂದು ಜೋಡಿಸಿಬಿಟ್ಟ. ಅಷ್ಟೊಂದು ಸಣ್ಣ ಬದಲಾವಣೆಗೆ ಪರೀಕ್ಷೆ ಯಾಕೆ ಅಂತ ನಾವೂ ಸುಮ್ಮನಾದೆವು.

ಮೊದಲ ಕಂತಿನ ಪುಸ್ತಕ ಶಿರಾ ಕಡೆ ಹೋಯಿತು. ಸ್ವಲ್ಪ ದಿನಕ್ಕೆ ಬುಕ್ಕಾಪಟ್ಟಣದ ಹತ್ತಿರದ ಒಂದು ಹಟ್ಟಿಯಿಂದ ಕಾರ್ಡು ಬಂತು: ಒಲೆ ಕಟ್ಟಿದ್ದೇವೆ, ಬಹಳ ಚೆನ್ನಾಗಿದೆ, ಅಡಿಕೆ ಕುಟ್ಟಿ ಹಾಕಬೇಕೋ ಇಡಿಯಾಗಿ ಹಾಕಬೇಕೋ ಪುಸ್ತಕದಲ್ಲಿ ಹೇಳಿಲ್ಲ, ನಾವು ಕುಟ್ಟಿ ಹಾಕಿದ್ದೇವೆ.

ಮೇಷ್ಟ್ರು ಕಾರ್ಡನ್ನು ಹಿಡಿದು ಕೂತುಬಿಟ್ಟರು. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋದೆವು. ಹಟ್ಟಿಯ ಯಜಮಾನ, ಕುರಿ ಸಾಕಿದ ದೊಡ್ಡ ಮೀಸೆಯ ಮನುಷ್ಯ, ಹೆಮ್ಮೆಯಿಂದ ಒಳಗೆ ಕರೆದೊಯ್ದ. ಒಲೆ ಕೆಂಪಗೆ ಹೊಳೆಯುತ್ತಿತ್ತು. ಒಂದು ಬಿರುಕಿಲ್ಲ. ನಾವು ಕಟ್ಟಿಸಿದ ಒಲೆಗಳೆಲ್ಲ ಒಣಗುವಾಗ ಬಿರುಕು ಬಿಟ್ಟಿದ್ದವು; ಮೇಷ್ಟ್ರು ಬಾಯಿ ತಪ್ಪಿ ಅದನ್ನು ಹೇಳಿಯೂಬಿಟ್ಟರು.

ನಾನು ಹೇಳಿದೆ: "ಗೌಡ್ರೇ, ತಪ್ಪಾಗಿದೆ. ಎಲೆ ಅಡಿಕೆ ಮಣ್ಣಿಗಲ್ಲ. ತುಳಿದವರ ಬಾಯಿಗೆ."

"ತುಳ್ದೋರ್ಗೆ ಕಾಫಿ ಕೊಟ್ಟೆ" ಎಂದ ಯಜಮಾನ.

"ಮುಂದಿನ ಅಚ್ಚಿನಲ್ಲಿ ಅದನ್ನ ತೆಗೀತೀವಿ."

ಆತ ಒಲೆಗೆ ಅಡ್ಡ ನಿಂತ. "ಏನ್ಲಾ ತೆಗೆಯೋದು? ನಿಮ್ದು ಅಡಿಕೆ ಇಲ್ದಿರೋ ಒಲೆ ಬಿರುಕು ಬುಟ್ಟದೆ. ನಂದು ಬುಟ್ಟಿಲ್ಲ. ನಿಮಗೆ ಬೇಕಾದ್ರೆ ತೆಕ್ಕಳ್ಳಿ, ನಮ್ಮ ಪುಸ್ತಕದಾಗೆ ಇರ್ಲಿ. ಯಾರು ಬೇಕಾದ್ರೂ ತಿದ್ದಿ ಅಂತ ನೀವೇ ಹಾಕಿದ್ದೀರಲ್ಲ!"

ಹಿಂದಕ್ಕೆ ಬರುವಾಗ ಮೇಷ್ಟ್ರು ಸೈಕಲ್ಲಿನ ಹಿಂದೆ ಕೂತು ಕೇಳಿದರು: "ಲೇ, ಸುಣ್ಣ ಹಾಕಿದ್ನೋ ಇಲ್ವೋ ಕೇಳ್ಬೇಕಾಗಿತ್ತು ಕಣಯ್ಯ."

೩. ನೀರು ಕಾಯಿಸುವ ಒಲೆ

ಆ ಒಲೆಯ ಮೂಲ ಲೆಕ್ಕಾಚಾರ ಬೆಂಗಳೂರಿನ ಪಂಡಿತರದು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಸಿಟ್ಟಿದೆ. ಒಲೆ ಚೆನ್ನಾಗಿದೆಯೋ ಇಲ್ಲವೋ ನೋಡಲು ಅವರು ಬರೆದ ವಿಧಾನ ಇಷ್ಟು: ಪಾತ್ರೆಯಲ್ಲಿ ನೀರಿಟ್ಟು ಕುದಿಸಿ, ಬೇಗ ಕುದಿದರೆ ಒಲೆ ಉತ್ತಮ. ನಾವೂ ಅದನ್ನೇ ನಂಬಿದ್ದೆವು.

ಕೊರಟಗೆರೆ ತಾಲ್ಲೂಕಿನ ಒಂದು ಮನೆಯಲ್ಲಿ ಒಲೆ ಕಟ್ಟಿ ಒಣಗಿದ ಮೇಲೆ ಹೋದೆವು. ಮನೆಯೊಡತಿ ಭಾರೀ ತೋಳಿನ ಹೆಂಗಸು. ಹೊಲದಲ್ಲಿ ದುಡಿಯುವ ಗಂಡಸರೇ ಆ ಮನೆಯಲ್ಲಿ ಆರೇಳು ಜನ. ನೀರಿಟ್ಟೆವು. ಭರ್ಜರಿಯಾಗಿ ಕುದಿಯಿತು. ಹೊಗೆಯೆಲ್ಲ ಕೊಳವೆಯಲ್ಲಿ. ಮೇಷ್ಟ್ರು ಸಂತೋಷದಿಂದ, "ಪಾಸು!" ಎಂದರು. ನಾನು ಎದೆ ಉಬ್ಬಿಸಿ ಹೊರಡಲು ಎದ್ದೆ.

"ಕೂತ್ಕಳ್ರಪ್ಪ, ಉಂಡ್ಕಂಡು ಹೋಗ್ರಿ. ಎಸರು ಹೆಂಗೂ ಮಳ್ಳುತಾ ಐತೆ" ಎಂದು ಆ ತಾಯಿ ರಾಗಿ ಹಿಟ್ಟು ಸುರಿದಳು. ಹಿಟ್ಟು ಬೆಂದ ಮೇಲೆ ಪಾತ್ರೆ ಅಲ್ಲಾಡದಂತೆ ಕವೆಗೋಲು ಕೊಟ್ಟು, ಕವೆಗೋಲನ್ನು ಕಾಲಿನಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ಮುದ್ದೆ ತೊಳಸತೊಡಗಿದಳು. ಮೊದಲ ಸುತ್ತಿಗೆ ಒಲೆ ನರಳಿತು. ಎರಡನೇ ಸುತ್ತಿಗೆ ಕೊಳವೆ ಅಲ್ಲಾಡಿತು. ಬಾಯಿ ಬಿಡಬಾರದು ಅಂತ ಮೇಷ್ಟ್ರು ನನ್ನ ತೊಡೆ ಹಿಡಿದಿದ್ದರು, ಆದರೆ ಅವರ ಬಾಯೇ ಬಿಟ್ಟುಕೊಂಡಿತ್ತು. ಮೂರನೇ ಸುತ್ತಿಗೆ ಒಲೆಯ ಮುಂಗೋಡೆ ಮಡಿಲಿಂದ ಕೂಸು ಜಾರಿದ ಹಾಗೆ ಅವಳ ಕಾಲ ಬಳಿ ಬಿತ್ತು.

ಆ ತಾಯಿ ಗಾಬರಿಯಾಗಲಿಲ್ಲ. ಪಾತ್ರೆ ಎತ್ತಿ ನೆಲಕ್ಕಿಟ್ಟು ಮುದ್ದೆ ತೊಳಸಿ ಮುಗಿಸಿ, ಆಮೇಲೆ ನನ್ನ ಕಡೆ ತಿರುಗಿದಳು.

"ಒಲೆ ಚೆನ್ನಾಗೈತೆ ಕಣಣ್ಣ. ಬಿಸ್ನೀರು ಕುಡ್ಕಂಡು ಮಲಗೋರ ಮನೇಗೆ ಹಾಕ್ಕೊಡು. ನಮ್ಮನೇಲಿ ಉಣ್ತಾರೆ."

ಅವತ್ತೇ ಪುಸ್ತಕದಲ್ಲಿ ಮುಂಗೋಡೆಯ ದಪ್ಪ ಹೆಚ್ಚಿಸಿದೆವು. ಪರೀಕ್ಷೆಯ ವಿಧಾನವನ್ನೂ ಬದಲಾಯಿಸಿದೆವು: ನೀರು ಕುದಿಸಿದರೆ ಸಾಲದು, ಮನೆಮಂದಿಗೆಲ್ಲ ಮುದ್ದೆ ತೊಳಸಿ ತೋರಿಸಬೇಕು. ಅದಾದ ಮೇಲೆ ಮೇಷ್ಟ್ರು ಸಣ್ಣ ಸಣ್ಣ ಅಕ್ಷರದ ತಿದ್ದುಪಡಿಗೂ ಪರೀಕ್ಷೆ ಆಗಲೇಬೇಕು ಅಂತ ಹಟ ಹಿಡಿಯುತ್ತಿದ್ದರು, ಅದರಲ್ಲೂ ಸೊಪ್ಪಿನ ಸಾರಿನ ದಿನ.

೪. ಪಾಸೋ ಫೇಲೋ

ಯುಗಾದಿ ಹತ್ತಿರ ಬಂತು. ದಾರಿಯಲ್ಲಿ ಬ್ಲಾಕ್ ಆಫೀಸಿನ ಗುಮಾಸ್ತ ಸಿಕ್ಕಿ, "ಸಾಹೇಬ್ರು ಕ್ಯಾಲೆಂಡರ್ ನೋಡ್ತಾ ಇದಾರೆ. ನಿಮ್ಮ ಬಾವುಟಕ್ಕೆ ಒಂದು ಟ್ರಂಕು ನೋಡ್ಕಳಿ" ಎಂದು ಹಲ್ಲು ಬಿಟ್ಟ. ಉರಿದುಹೋಯಿತು. ಉಳಿದಿದ್ದದ್ದು ಪಾವಗಡದ ಪರೀಕ್ಷೆ ಒಂದೇ.

ಆಂಧ್ರದ ಗಡಿಯ ಹಳ್ಳಿ. ಮನೆಯವರು ಅರ್ಧ ಕನ್ನಡ ಅರ್ಧ ತೆಲುಗು. ಒಲೆ ಕಟ್ಟಿದ್ದು ಸೊಸೆ. ಒಂದು ತಪ್ಪಿಲ್ಲದೆ ಕಟ್ಟಿದ್ದಳು. ಮುದ್ದೆಗೆ ಎಸರಿಡಲು ಹೊರಟಾಗ ಅತ್ತೆ ತಡೆದಳು. ಹೊಸ ಒಲೆಯಲ್ಲಿ ಮೊದಲು ಹಾಲು ಉಕ್ಕಬೇಕು, ಅದೂ ಪೂರ್ವಕ್ಕೆ ಉಕ್ಕಬೇಕು. ನಮ್ಮ ಪುಸ್ತಕದಲ್ಲಿ ಹಾಲಿನ ಸುದ್ದಿಯೇ ಇರಲಿಲ್ಲ. ಬೆಂಗಳೂರಿನವರ ಲೆಕ್ಕದಲ್ಲಿ ಹಾಲು ಉಕ್ಕಿದರೆ ನಷ್ಟ.

ಹಾಲಿಟ್ಟರು. ಮನೆಮಂದಿ ಕೈ ಮುಗಿದು ನಿಂತರು. ಆ ಮನೆಯಲ್ಲಿ ಒಲೆಯ ಪೂರ್ವ ದಿಕ್ಕಿಗೆ ಬರುವುದು ಸೌದೆ ತುರುಕುವ ಬಾಯಿ. ಹಾಲು ಪಡುವಲಿಗೆ ವಾಲುವ ಹಾಗೆ ಕಂಡಾಗ ಅತ್ತೆ ಪಾತ್ರೆಯ ಅಂಚಿಗೆ ಮೆಲ್ಲಗೆ ಸೌಟು ಕೊಟ್ಟು ಪೂರ್ವಕ್ಕೆ ಬಾಗಿಸಿದಳು. ಹಾಲೆಲ್ಲ ನೇರವಾಗಿ ಬೆಂಕಿಗೆ. ಚುಂಯ್ ಎಂದು ಒಲೆ ಆರಿತು. ಕೊಳವೆಗೆ ಹೋಗಬೇಕಾದ ಹೊಗೆ, ಹಾಲಿನ ಆವಿ ಎಲ್ಲ ಸೇರಿ ಅಡುಗೆಮನೆಗೇ ನುಗ್ಗಿತು. ಒಬ್ಬರ ಮುಖ ಒಬ್ಬರಿಗೆ ಕಾಣದು.

ಹೊಗೆಯ ಒಳಗಿಂದ ಮಾವನ ದನಿ ಬಂತು: "ಪಾಲು ಪೊಂಗಿನಾಯಿ! ಚಾಲ ಮಂಚಿದಿ!" ಹಾಲು ಉಕ್ಕಿತು, ಬಹಳ ಒಳ್ಳೇದಾಯಿತು ಎಂದು. ಎಲ್ಲರೂ ಕೆಮ್ಮುತ್ತ ಕೆಮ್ಮುತ್ತ ಒಬ್ಬರಿಗೊಬ್ಬರು ಬೆಲ್ಲ ಕೊಟ್ಟುಕೊಂಡರು. ನನ್ನ ಬಾಯಿಗೂ ಯಾರೋ ಬೆಲ್ಲ ತುರುಕಲು ಬಂದರು. ಬಾಯಿ ಎಂದು ಗುರಿ ಇಟ್ಟದ್ದು ಮೂಗಿಗೆ ಬಂತು.

ಹೊರಗೆ ಬಂದು ಜಗಳ ಶುರುವಾಯಿತು. ಒಲೆ ಆರಿದ್ದರಿಂದ ಫೇಲು ಅಂತ ನಾನು. ಮನೆಯವರು ಇಷ್ಟು ಖುಷಿಯಾಗಿರುವುದರಿಂದ ಪಾಸು ಅಂತ ಮೇಷ್ಟ್ರು. ಕೊನೆಗೆ ಅತ್ತೆಯನ್ನೇ ಕೇಳಿದೆವು. ಆಕೆ ಕಣ್ಣೊರೆಸಿಕೊಂಡು ಹೇಳಿದಳು: "ಒಲೆ ಆರಿದ್ರೆ ಹಚ್ಕೋಬೋದು ನಾಯನಾ. ಹಾಲು ಪಡುವಲಿಗೆ ಉಕ್ಕಿದ್ರೆ ಸೊಸೇನೇ ವಾಪಸ್ ಕಳಿಸಬೇಕಾಗಿತ್ತು."

ಸೊಸೆ ಕಣ್ಣಲ್ಲೇ ನಮಗೆ ಕೈ ಮುಗಿದಳು. ಪಾಸು ಅಂತ ಬರೆದುಕೊಂಡು ಬಂದೆವು. ಪುಸ್ತಕದಲ್ಲಿ ಮಾತ್ರ ಸೌದೆ ತುರುಕುವ ಬಾಯಿ ಪೂರ್ವಕ್ಕೆ ಬೇಡ ಅಂತ ಸೇರಿಸಿದೆವು.

೫. ಸಾಹೇಬರ ಒಲೆ

ಯುಗಾದಿ ಮುಗಿಯಿತು. ಐ.ಡಿ.ಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ ಖಾಲಿ ಮನೆಯೊಂದರ ಅಡುಗೆಕೋಣೆಯನ್ನು ಸಾಹೇಬರ ಮುಂದಿನ ಪರೀಕ್ಷೆಗೆ ಗೊತ್ತು ಮಾಡಿದೆವು. ಮಣ್ಣು ತುಳಿದು ಸಿದ್ಧವಾಗಿತ್ತು, ಸೂರಿನಲ್ಲಿ ಕೊಳವೆಗೆ ತೂತು ಮಾಡಿ ಇಟ್ಟಿದ್ದೆವು. ಹಸಿ ಒಲೆಯಲ್ಲಿ ಅಡುಗೆ ಆಗುವುದಿಲ್ಲವಾದ್ದರಿಂದ, ಕಟ್ಟಿದ ಮೇಲೆ ಪುಳ್ಳೆ ಸೌದೆಯ ಉರಿ ಹಾಕಿ ಹೊಗೆ ಮೇಲೆ ಹೋದರೆ ನಾನು ಗೆದ್ದೆ, ಒಳಗೆ ಬಂದರೆ ಬಾವುಟ ಮಡಚಿದೆ ಎಂದು ಮಾತಾಯಿತು. ಬಿಡಿಒ ಸಾಹೇಬರು ಬಿಳಿ ಪ್ಯಾಂಟು ಹಾಕಿಕೊಂಡು ಜೀಪಿನಲ್ಲಿ ಬಂದರು. ಹಿಂದಿನ ಸೀಟಿನಲ್ಲಿ ಕಂಟ್ರಾಕ್ಟರ್. ನೂರಾರು ಹೆಂಗಸರು.

ಸಾಹೇಬರು ಸುತ್ತ ನೋಡಿ ಹೇಳಿದರು: "ಇಲ್ಲಿರೋರಿಗೆಲ್ಲ ನೀವು ಆಗಲೇ ಕಲಿಸಿರ್ತೀರಿ. ನಿಮ್ಮ ಸಂಘದವರು ಆಗಬಾರದು, ಈ ಊರಿನವರು ಆಗಬಾರದು. ಓದು ಬರಬೇಕು, ಒಲೆ ಕೆಲಸ ಗೊತ್ತಿರಬಾರದು."

ಗುಂಪಿನಿಂದ ಒಬ್ಬ ಹೆಂಗಸು ಎದ್ದಳು. "ಅಂಗಾರೆ ನೀವೇ ಆಯ್ತಲ್ಲ ಸ್ವಾಮಿ!"

ಸಾಹೇಬರು ಡ್ರೈವರನ್ನು ನೋಡಿದರು. ಡ್ರೈವರ್ ಜೀಪಿನ ಅಡಿಗೆ ಏನೋ ರಿಪೇರಿ ಇದೆ ಎಂದು ತೂರಿಕೊಂಡ. ಕಂಟ್ರಾಕ್ಟರನನ್ನು ನೋಡಿದರು. ಅವನಿಗೆ ಒಲೆ ಗೊತ್ತು. ಸಾಹೇಬರಿಗೆ ಉಭಯಸಂಕಟ. ಒಲೆ ಕೆಡಿಸಿದರೆ ನಾನು ತೊಲಗುತ್ತೇನೆ. ಆದರೆ ಇಷ್ಟು ಹೆಂಗಸರ ಎದುರಿಗೆ ಕೆಡಿಸಬೇಕು.

"ಪಾಪ, ಸಾಹೇಬ್ರಿಗೆ ಓದಾಕೆ ಬರಾಕಿಲ್ವೇನೋ, ಬುಡ್ರಮ್ಮ" ಎಂದಿತು ಇನ್ನೊಂದು ದನಿ.

ಸಾಹೇಬರು ಪ್ಯಾಂಟು ಮಡಚಿದರು.

ನಾನು ಬಾಗಿಲ ಬಳಿ ನಿಂತೆ. ಮೇಷ್ಟ್ರು ನನ್ನ ರಟ್ಟೆ ಹಿಡಿದರು. ಸಾಹೇಬರು ಪುಸ್ತಕ ತೆಗೆದುಕೊಂಡರು, ನೇರ ಕೊನೇ ಪಾಠಕ್ಕೆ ಹೋದರು. ಆಮೇಲೆ ಅರ್ಥವಾಯಿತು: ಅವರ ಮೇಜಿಗೆ ಬರುವ ಕಾಗದಗಳಲ್ಲಿ ಸಹಿ ಹಾಕುವ ಜಾಗ ಇರುವುದು ಕೊನೆಯಲ್ಲಿ. ಮೊದಲಿನಿಂದ ಓದಿದ ಅಭ್ಯಾಸವೇ ಇಲ್ಲ. ಕೊನೇ ಪಾಠ ಕೊಳವೆ ನಿಲ್ಲಿಸುವುದು. ಒಲೆಯೇ ಇಲ್ಲ, ಈ ಮನುಷ್ಯ ಕೊಳವೆ ಎತ್ತಿ ಸೂರಿನ ತೂತಿಗೆ ಸರಿಯಾಗಿ ನಿಲ್ಲಿಸಿ ಬುಡಕ್ಕೆ ಮಣ್ಣು ಮೆತ್ತುತ್ತಿದ್ದಾರೆ!

ನನ್ನ ಗಂಟಲಿಗೆ ಬಂದದ್ದನ್ನೆಲ್ಲ ಟವೆಲ್ ತುರುಕಿ ತಡೆದೆ. ಸಾಹೇಬರು ಒಂದೊಂದೇ ಪುಟ ಹಿಂದಕ್ಕೆ ತಿರುಗಿಸುತ್ತ ಬಂದು, ಮೊದಲನೇ ಪುಟ ಸಿಕ್ಕಾಗ "ಓಹೋ" ಎಂದರು. ಅಲ್ಲಿಂದ ಮುಂದಕ್ಕೆ ಕಟ್ಟತೊಡಗಿದರು. ಬಿಳಿ ಪ್ಯಾಂಟು ಮಣ್ಣಿನ ಬಣ್ಣಕ್ಕೆ ತಿರುಗಿತು. ಹೆಂಗಸರು ಕಿಟಕಿಯಲ್ಲಿ ತಲೆ ತೂರಿಸಿ, "ಅಂಗೆ ಕಣ್ ಸ್ವಾಮಿ, ಬೆನ್ನು ಬಗ್ಸಿ!" ಎಂದು ಹುರಿದುಂಬಿಸುತ್ತಿದ್ದರು. ಗೋಡೆ ಎದ್ದಿತು, ಪಾತ್ರೆಯ ಕಂಡಿಗಳಾದವು, ಹೊಗೆ ದಾರಿ ಕೊಳವೆಯ ಬುಡಕ್ಕೆ ಹೋಗಿ ನೆಟ್ಟಗೆ ಕೂಡಿಕೊಂಡಿತು.

ನಮ್ಮ ಪುಸ್ತಕದ ಕ್ರಮದಲ್ಲಿ ಒಲೆ ಮೊದಲು, ಕೊಳವೆ ಆಮೇಲೆ. ಸೂರಿನ ತೂತಿಗೂ ಒಲೆಯ ತೂತಿಗೂ ಎಂದೂ ನೇರ ಬರುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಒಲೆಯ ಅಂಚು ಒಡೆದು ತೇಪೆ ಹಾಕುತ್ತಿದ್ದೆವು. ತೇಪೆ ಹಾಕುವ ಬಗೆಗೆಂದೇ ಪುಸ್ತಕದಲ್ಲಿ ಒಂದು ಪುಟ ಇತ್ತು. ಸಾಹೇಬರ ಒಲೆಗೆ ತೇಪೆ ಬೇಕಾಗಲಿಲ್ಲ.

ಪುಳ್ಳೆ ಹಚ್ಚಿದರು. ಒಳಗೆ ಒಂದೆಳೆ ಹೊಗೆ ಇಲ್ಲ. ಹೊರಗಿನಿಂದ ಕೂಗು: "ಬಂತು ಕಣ್ರೇ, ಸೂರಿನ ಮ್ಯಾಲೆ ಬಂತು!" ಸಾಹೇಬರು ಮಣ್ಣು ಕೈಯಲ್ಲೇ ಅಂಗಳಕ್ಕೆ ಓಡಿ, ಕತ್ತೆತ್ತಿ, ಚೊಚ್ಚಲ ಮಗುವನ್ನು ನೋಡುವ ಹಾಗೆ ಹೊಗೆಯನ್ನು ನೋಡುತ್ತ ನಿಂತರು. ಕಂಟ್ರಾಕ್ಟರ್ ನಡೆದುಕೊಂಡೇ ಬಸ್ ಸ್ಟಾಂಡಿಗೆ ಹೋದ. ನಾನು ಗೆದ್ದೆ. ಟವೆಲ್ ತೆಗೆದು ಭಾಷಣಕ್ಕೆ ಬಾಯಿ ತೆರೆದೆ.

ಸಾಹೇಬರು ನನ್ನ ಮೇಲೇ ಬಿದ್ದರು. "ಏನ್ರೀ ನಿಮ್ಮ ಪುಸ್ತಕ! ತಪ್ಪು ತಪ್ಪು ಬರೆದಿದ್ದೀರಿ. ಕೊಳವೆ ಮೊದಲು ನಿಲ್ಲಿಸಬೇಕು. ತಿದ್ರಿ!"

ಮೇಷ್ಟ್ರು ಕಾನೂನು ಹೇಳಿದರು: "ಆಗಲಿ ಸಾರ್. ಆದರೆ ಪ್ರತಿ ತಾಲ್ಲೂಕಿನಲ್ಲೂ ಪರೀಕ್ಷೆ ಆಗದೆ ಅಚ್ಚಿಗೆ ಹೋಗುವಂತಿಲ್ಲ."

ಪುಸ್ತಕ ಮಂಜೂರಾಯಿತು, ನನ್ನ ಬಾವುಟವೂ ಉಳಿಯಿತು. ಆದರೆ ಸಾಹೇಬರಿಗೆ ನಿದ್ದೆ ಹೋಯಿತು. ವಾರಕ್ಕೊಮ್ಮೆ ಜೀಪು ನಮ್ಮ ಸಂಘದ ಕೋಣೆಯ ಮುಂದೆ ನಿಲ್ಲುವುದು. "ಎಲ್ಲೀಗೆ ಬಂತ್ರೀ ನನ್ನ ತಿದ್ದುಪಡಿ?" ಶಿರಾ ಆಗಿದೆ ಸಾರ್, ಕೊರಟಗೆರೆ ಆಗಬೇಕು. "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದಿನ ಬೇಕಾ?"

ಒಂದು ಮಧ್ಯಾಹ್ನ ನಾನು ಒಳಗೆ ಊಟಕ್ಕೆ ಕೂತಿದ್ದೆ. ಮೇಷ್ಟ್ರು ಗಾಬರಿಯಿಂದ ಬಂದರು.

"ಲೇ, ಬಿಡಿಒ ಸಾಹೇಬ್ರು ಚಪ್ಪಲಿ ಬಿಟ್ಟು ಕಲ್ಲು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದಾರೆ ಕಣಯ್ಯ. ತಿದ್ದುಪಡಿ ಅಚ್ಚಿಗೆ ಹೋಗೋವರೆಗೂ ಏಳಲ್ವಂತೆ. ಏನು ಹೇಳ್ಲಿ?"

ಬಾಯಲ್ಲಿ ಮುದ್ದೆ ಇತ್ತು. ಯೋಚನೆ ಮಾಡಿ ಹೇಳಿದ್ದಲ್ಲ. ಅವರ ಆಫೀಸಿನ ಕಿಟಕಿಯಲ್ಲಿ ವರ್ಷಗಟ್ಟಲೆ ಕೇಳಿ ಕೇಳಿ ನಾಲಿಗೆಗೆ ಬಂದುಬಿಟ್ಟಿತು.

"ಸಂಬಂಧಪಟ್ಟವರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ ಅಂತ ಹೇಳಿ ಮೇಷ್ಟ್ರೇ."

ಮೇಷ್ಟ್ರು ಹೊರಗೆ ಹೋಗಿ ಹಾಗೆಯೇ ಹೇಳಿದರು. ಆಮೇಲೆ ಒಂದು ದನಿ ಎದ್ದಿತು. ಅಭ್ಯಾಸವಿಲ್ಲದ ದನಿ, ಮೊದಲು ಸ್ವಲ್ಪ ನಾಚಿತು, ಒಂದು ಸಲ ಗಂಟಲು ಸರಿಮಾಡಿಕೊಂಡಿತು, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿತು:

"ಧಿಕ್ಕಾರ!"